ಸಂಸ್ಥೆಗೂ ಬೇಕು ಒಂದು ಉದ್ಯಾಪನೆ

(ಕ್ಯಾಂಪ್‌ಬೆಲ್ ನಗರದಲ್ಲಿ ಸೇರಿದ್ದ ಕನ್ನಡಿಗರ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಕನ್ನಡ ಸಭೆಗಳಲ್ಲಿ ಅತಿಥಿಗಳನ್ನು ಕರೆಸುವುದು ಸಾಮಾನ್ಯವಾಗಿ ಯಾವುದಾದರೊಂದು ಆರಂಭಕ್ಕೆ: ಹೊಸ ವರ್ಷ, ಹೊಸ ಸಮಿತಿ, ಹೊಸ ಪುಸ್ತಕ, ಮಕ್ಕಳಿಗೊಂದು ಹೊಸ ಕನ್ನಡ ಶಾಲೆ. ದೀಪ ಹಚ್ಚಿ, ನಾಲ್ಕು ಶುಭದ ಮಾತುಗಳನ್ನಾಡಿ ವೇದಿಕೆಯಿಂದ ಇಳಿದರೆ ಅತಿಥಿಯ ಕರ್ತವ್ಯ ಮುಗಿಯುತ್ತದೆ. ಈ ದಿನ ನಾವು ಆರಿಸಿಕೊಂಡಿರುವ ವಿಷಯ ಇದಕ್ಕೆ ತದ್ವಿರುದ್ಧವಾದುದು. ಸೇವೆಗಾಗಿ ಕಟ್ಟಿದ, ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆಯನ್ನು ಮುಚ್ಚಬೇಕಾಗಿ ಬಂದಾಗ ಅದನ್ನು ಮುಚ್ಚುವ ಬಗೆ ಯಾವುದು? ಅದರ ಹಣ, ಪುಸ್ತಕ, ಹೆಸರು, ನೆನಪು ಇವುಗಳ ಗತಿಯೇನು?

ಇಂಥ ಮಾತು ಅಪಶಕುನವೆಂದು ಕೆಲವರಿಗೆ ತೋರಬಹುದು. ಹೊರಡುವಾಗ 'ಹೋಗುತ್ತೇನೆ' ಎನ್ನದೆ 'ಹೋಗಿಬರುತ್ತೇನೆ' ಎನ್ನುವ ಜನ ನಾವು. ದೀಪವನ್ನು ಆರಿಸು ಎನ್ನಲು ಬಾಯಿ ಬಾರದೆ 'ದೀಪ ದೊಡ್ಡದು ಮಾಡು' ಎಂದ ಹಿರಿಯರ ಮನೆಗಳಿಂದ ಬಂದವರು. ಆದರೆ ಅದೇ ಹಿರಿಯರು ಇನ್ನೊಂದು ಮಾತನ್ನೂ ನಮಗೆ ಕಲಿಸಿದ್ದಾರೆ. ವ್ರತ ಹಿಡಿದವರು ಉದ್ಯಾಪನೆ ಮಾಡಬೇಕು. ಇಷ್ಟು ವರ್ಷ ಎಂದು ಸಂಕಲ್ಪಿಸಿ ನಡೆಸಿದ ವ್ರತವನ್ನು ಸುಮ್ಮನೆ ಕೈಬಿಟ್ಟರೆ ಅದು ಮುಗಿದಂತಲ್ಲ. ಕೊನೆಯ ಪೂಜೆ ಮಾಡಿ, ದಾನ ಕೊಟ್ಟು, ಬಂದವರಿಗೆ ಊಟ ಬಡಿಸಿದ ಮೇಲೆಯೇ ವ್ರತ ಪೂರ್ಣ. ಕರಾವಳಿಯ ಯಕ್ಷಗಾನ ಮೇಳಗಳು ಪತ್ತನಾಜೆಯಂದು ಗೆಜ್ಜೆ ಬಿಚ್ಚುವುದಕ್ಕೂ ಒಂದು ವಿಧಿಯಿದೆ. ನಿಲ್ಲಿಸುವುದು ಬೇರೆ, ಮುಗಿಸುವುದು ಬೇರೆ ಎಂಬ ವಿವೇಕ ನಮ್ಮ ಸಂಸ್ಕೃತಿಗೆ ಹೊಸದಲ್ಲ. ಅದನ್ನು ನಮ್ಮ ಸಂಘಸಂಸ್ಥೆಗಳಿಗೂ ಅನ್ವಯಿಸಬೇಕೆಂಬುದಷ್ಟೇ ನಮ್ಮ ಇಂದಿನ ನಿವೇದನೆ.

ಈ ವಿಷಯ ಈಗೇಕೆ ಎಂದು ಕೇಳಬಹುದು. 1965ರ ವಲಸೆ ಕಾನೂನಿನಿಂದ ಬಾಗಿಲು ತೆರೆದ ಮೇಲೆ ಈ ದೇಶಕ್ಕೆ ಬಂದ ಕನ್ನಡಿಗರು ಬಹಳ ಬೇಗನೆ ಸಂಘಗಳನ್ನು ಕಟ್ಟಿದರು. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಲ್ಲಿಯೇ ಆರಂಭವಾಯಿತು. ದೊಡ್ಡ ಕೂಟಗಳಿಗೆ ಹೊಸ ನೀರು ಬರುತ್ತಲೇ ಇರುತ್ತದೆ. ಅವುಗಳ ಬಗ್ಗೆ ಇಲ್ಲಿ ಚಿಂತೆಯಿಲ್ಲ. ಆದರೆ ಇಂಥ ಕೂಟಗಳ ನೆರಳಿನಲ್ಲಿ ಮೊಳೆಯುವ ಚಿಕ್ಕ ಸಂಸ್ಥೆಗಳ ವಿಷಯ ಬೇರೆ. ನಾಲ್ಕು ಮನೆಯವರು ಸೇರಿ ತೆರೆದ ಪುಸ್ತಕ ಭಂಡಾರ, ಒಂದು ನಾಟಕ ತಂಡ, ಊರಿನ ಶಾಲೆಗೆ ನೆರವಾಗಲೆಂದು ಕಟ್ಟಿದ ನಿಧಿ, ಒಬ್ಬ ಹಿರಿಯರ ಹೆಸರಿನ ಸ್ಮಾರಕ ಟ್ರಸ್ಟು. ಇವುಗಳೆಲ್ಲ ಒಬ್ಬಿಬ್ಬರ ಉತ್ಸಾಹದ ಮೇಲೆ ನಿಂತವು. ಅವರು ನಿವೃತ್ತರಾಗಿ ಮಕ್ಕಳಿರುವ ಊರಿಗೆ ಹೋದರೆ, ಬೆಂಗಳೂರಿಗೆ ಮರಳಿದರೆ, ಅಥವಾ ನಮ್ಮನ್ನಗಲಿದರೆ, ಉಳಿಯುವುದು ಕಾಗದದ ಮೇಲಿನ ಒಂದು ನಿಗಮ, ಬ್ಯಾಂಕಿನಲ್ಲಿ ಸ್ವಲ್ಪ ಹಣ, ಯಾರದೋ ಗ್ಯಾರೇಜಿನಲ್ಲಿ ಹತ್ತಾರು ರಟ್ಟಿನ ಪೆಟ್ಟಿಗೆಗಳು.

ನಾವು ಕುಳಿತಿರುವ ಈ ಕ್ಯಾಂಪ್‌ಬೆಲ್ ನಗರವೇ ಈ ಪಾಠಕ್ಕೆ ಒಳ್ಳೆಯ ಪಠ್ಯಪುಸ್ತಕ. ಇದು ಹಣ್ಣಿನ ತೋಟಗಳ ಊರಾಗಿತ್ತು. ಇಲ್ಲಿಯ ಬೆಳೆಗಾರರು 1892ರಲ್ಲಿ ತಮ್ಮದೇ ಒಂದು ಒಕ್ಕೂಟ ಕಟ್ಟಿಕೊಂಡು ಏಪ್ರಿಕಾಟ್, ಪ್ರೂನ್ ಹಣ್ಣುಗಳನ್ನು ಒಣಗಿಸಿ ಹೊರಗೆ ಕಳುಹಿಸುತ್ತಿದ್ದರು. ಇಂದು ಆ ಒಕ್ಕೂಟವಿಲ್ಲ, ತೋಟಗಳೂ ಇಲ್ಲ. ಆದರೂ ಊರು ಎಲ್ಲವನ್ನೂ ಮರೆತಿಲ್ಲ. ಹಣ್ಣಿನ ಡಬ್ಬಿ ಕಾರ್ಖಾನೆಯ ಒಡೆಯ ಜೆ.ಸಿ. ಐನ್ಸ್‌ಲಿ 1925ರಲ್ಲಿ ಕಟ್ಟಿಸಿದ ಮನೆಯನ್ನು ಆತನ ವಾರಸುದಾರರು ನಗರಕ್ಕೆ ಕೊಟ್ಟರು. 1990ರಲ್ಲಿ ಇಡೀ ಮನೆಯನ್ನು ಮೂಲ ಸ್ಥಳದಿಂದ ಎತ್ತಿ ಪೇಟೆಯ ನಡುವಿಗೆ ತಂದು ನಿಲ್ಲಿಸಲಾಯಿತು. ಇಂದು ಅದು ವಸ್ತುಸಂಗ್ರಹಾಲಯ. 1980ರಲ್ಲಿ ಮುಚ್ಚಿದ ಕ್ಯಾಂಪ್‌ಬೆಲ್ ಹೈಸ್ಕೂಲಿನ ಕಟ್ಟಡಗಳು ಸಮುದಾಯ ಕೇಂದ್ರವಾದವು. ಅದರ ಸಭಾಂಗಣ ಹೆರಿಟೇಜ್ ಥಿಯೇಟರ್ ಎಂಬ ಹೆಸರಿನಲ್ಲಿ 2004ರಲ್ಲಿ ಮತ್ತೆ ಬಾಗಿಲು ತೆರೆಯಿತು. ಮುಚ್ಚುವುದೆಂದರೆ ಇಲ್ಲವಾಗುವುದು ಎಂದೇನೂ ಅಲ್ಲ. ಮುಂದಿನ ವಿಳಾಸವನ್ನು ಗೊತ್ತುಮಾಡಿ ಮುಚ್ಚಿದರೆ ವಸ್ತು ಉಳಿಯುತ್ತದೆ, ಉದ್ದೇಶವೂ ಉಳಿಯುತ್ತದೆ.

ಹಣ ಯಾರದು?

ಸಂಸ್ಥೆಯೊಂದನ್ನು ಮುಚ್ಚುವ ಮಾತು ಬಂದೊಡನೆ ಏಳುವ ಮೊದಲ ಪ್ರಶ್ನೆ ಇದೇ. 'ಈ ಹಣ ನಾವೇ ಕೂಡಿಸಿದ್ದು, ನಾವೇ ಚಂದಾ ಕೊಟ್ಟಿದ್ದು, ಉಳಿದುದನ್ನು ನಾವೇ ಹಂಚಿಕೊಂಡರೆ ತಪ್ಪೇನು?' ಎಂದು ಸಜ್ಜನರೂ ಕೇಳುವುದುಂಟು. ಕೇಳುವವರಲ್ಲಿ ದುರಾಸೆಯಿಲ್ಲ. ಕಷ್ಟಪಟ್ಟು ದುಡಿದ ಅಭಿಮಾನವಿದೆ. ಆದರೆ ಉತ್ತರ ಸ್ಪಷ್ಟವಾಗಿದೆ.

ಕ್ಯಾಲಿಫೋರ್ನಿಯಾದಲ್ಲಿ 1980ರ ಜನವರಿ 1ರಿಂದ ಜಾರಿಯಲ್ಲಿರುವ ಕಾನೂನು ಲಾಭರಹಿತ ನಿಗಮಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸುತ್ತದೆ: ಸಾರ್ವಜನಿಕ ಹಿತದವು, ಸದಸ್ಯರ ಪರಸ್ಪರ ಹಿತದವು, ಧಾರ್ಮಿಕವಾದವು. ಪರಸ್ಪರ ಹಿತದ ಸಂಸ್ಥೆ ಮುಚ್ಚುವಾಗ, ಧರ್ಮಾರ್ಥವಾಗಿ ಇಟ್ಟ ಆಸ್ತಿಯೊಂದನ್ನು ಬಿಟ್ಟು, ಸಾಲ ತೀರಿಸಿ ಉಳಿದುದನ್ನು ಸದಸ್ಯರಿಗೆ ಹಂಚಲು ಅವಕಾಶವಿದೆ. ಸಾರ್ವಜನಿಕ ಹಿತದ ಸಂಸ್ಥೆಗೆ ಆ ಅವಕಾಶವಿಲ್ಲ. ನಮ್ಮ ಸಾಂಸ್ಕೃತಿಕ ಸಂಸ್ಥೆಗಳಲ್ಲಿ ಬಹುಪಾಲು ಈ ಎರಡನೆಯ ಗುಂಪಿನವು. ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗಲೆಂದು 501(ಸಿ)(3) ಮಾನ್ಯತೆ ಪಡೆದಾಗಲೇ, 'ಮುಚ್ಚುವ ದಿನ ನಮ್ಮ ಆಸ್ತಿ ಇಂಥದೇ ಇನ್ನೊಂದು ಸೇವಾಸಂಸ್ಥೆಗೆ ಸಲ್ಲುತ್ತದೆ' ಎಂದು ಸ್ಥಾಪನಾ ಪತ್ರದಲ್ಲಿ ಬರೆದುಕೊಟ್ಟಿರುತ್ತೇವೆ. ಹುಟ್ಟಿದ ದಿನವೇ ಬರೆದಿಟ್ಟ ಉಯಿಲು ಅದು. ಎಷ್ಟೋ ಸಮಿತಿಗಳು ಅದನ್ನು ಮತ್ತೆ ತೆರೆದು ಓದಿಯೇ ಇರುವುದಿಲ್ಲ.

ಈ ತತ್ತ್ವಕ್ಕೆ ಈ ರಾಜ್ಯದಲ್ಲಿ ಒಂದು ಹಳೆಯ ನಿದರ್ಶನವಿದೆ. ಲಾಸ್ ಏಂಜಲೀಸ್ ಕೌಂಟಿಯ ಆದಿವಾಸಿಗರ, ಎಂದರೆ ಮೊದಲು ಬಂದು ನೆಲೆಸಿದವರ, ಪಯನೀರ್ ಸೊಸೈಟಿ ಎಂಬ ಸಂಘ 1897ರಲ್ಲಿ ಹುಟ್ಟಿತು. ಸದಸ್ಯರ ನಡುವೆ ಸ್ನೇಹ ಬೆಳೆಸುವುದು, ಆ ಸೀಮೆಯ ಚರಿತ್ರೆಯ ಸಾಮಗ್ರಿಯನ್ನು ಕೂಡಿಸಿ ಕಾಪಾಡುವುದು ಎರಡೂ ಅದರ ಉದ್ದೇಶಗಳಾಗಿದ್ದವು. ಕಾಲಾಂತರದಲ್ಲಿ ಸಂಘವನ್ನು ಮುಚ್ಚಿ ಆಸ್ತಿಯನ್ನು ಸದಸ್ಯರಲ್ಲಿಯೇ ಹಂಚಿಕೊಳ್ಳುವ ಯತ್ನ ನಡೆಯಿತು. ರಾಜ್ಯದ ಸರ್ವೋಚ್ಚ ನ್ಯಾಯಾಲಯ 1953ರಲ್ಲಿ ಅದನ್ನು ಒಪ್ಪಲಿಲ್ಲ. ಸ್ಥಾಪನಾ ಪತ್ರದಲ್ಲಿ ಸಾರಿದ ಉದ್ದೇಶಕ್ಕಾಗಿ ಆ ಆಸ್ತಿ ಧರ್ಮಾರ್ಥ ನಿಧಿಯಾಗಿದೆ, ಅದು ದಕ್ಷಿಣ ಕ್ಯಾಲಿಫೋರ್ನಿಯಾದ ಇತಿಹಾಸ ಸಂಘಕ್ಕೆ ಸೇರತಕ್ಕದ್ದು ಎಂದಿತು. ನಮ್ಮ ಸಂಘಗಳೂ ಹೀಗೆಯೇ ಅಲ್ಲವೆ? ಅರ್ಧ ಸ್ನೇಹಕೂಟ, ಅರ್ಧ ಸಂಸ್ಕೃತಿ ಸೇವೆ. ಯುಗಾದಿಯ ಊಟವನ್ನು ನಾವೇ ಉಂಡಿರಬಹುದು. ಆದರೆ ಕನ್ನಡದ ಹೆಸರಿನಲ್ಲಿ ಕೂಡಿದ ಹಣ ಕನ್ನಡದ ಕೆಲಸಕ್ಕೆ ಸೇರಿದ್ದು.

ಉದ್ದೇಶದ ಹಿಡಿತ ಎಷ್ಟು ಬಿಗಿಯೆಂಬುದಕ್ಕೆ ಈ ಕೊಲ್ಲಿ ಪ್ರದೇಶದ್ದೇ ಮತ್ತೊಂದು ನಿದರ್ಶನವಿದೆ. ಅದು ಮುಚ್ಚಿದ ಸಂಸ್ಥೆಯ ಕಥೆಯಲ್ಲ, ಉದ್ದೇಶ ಬದಲಿಸಲು ಹೊರಟ ಕಥೆ. 1975ರಲ್ಲಿ ತೀರಿಕೊಂಡ ಬೆರಿಲ್ ಬಕ್ ಎಂಬ ಮಹಿಳೆ ತಮ್ಮ ಸಂಪತ್ತನ್ನು ಮರಿನ್ ಕೌಂಟಿಯ ಒಳಿತಿಗೆಂದು ಬರೆದಿಟ್ಟರು. ಅದರಲ್ಲಿ ಬೆಲ್‌ರಿಜ್ ಎಂಬ ತೈಲ ಕಂಪನಿಯ ಷೇರುಗಳಿದ್ದವು. 1979ರಲ್ಲಿ ಶೆಲ್ ಕಂಪನಿ ಬೆಲ್‌ರಿಜ್ ಅನ್ನು ಕೊಂಡಾಗ ನಿಧಿ ಹಲವು ಪಟ್ಟು ಬೆಳೆಯಿತು. ಇಷ್ಟು ಹಣ ಒಂದು ಸಿರಿವಂತ ಕೌಂಟಿಗೇ ಏಕೆ, ಸುತ್ತಲಿನ ಬಡವರಿಗೂ ಸಲ್ಲಲಿ ಎಂದು ಅದನ್ನು ನೋಡಿಕೊಳ್ಳುತ್ತಿದ್ದ ಪ್ರತಿಷ್ಠಾನ ನ್ಯಾಯಾಲಯವನ್ನು ಕೇಳಿತು. ಕೇಳಿದ ಕಾರಣ ಉದಾತ್ತವಾದದ್ದೇ. ಆದರೂ 1986ರಲ್ಲಿ ನಿಧಿ ಮರಿನ್ ಕೌಂಟಿಯಲ್ಲಿಯೇ ಉಳಿಯಿತು. ಕೊಟ್ಟವರ ಮಾತಿಗಿಂತ ನಮ್ಮ ವಿವೇಚನೆ ದೊಡ್ಡದೆಂದು ಭಾವಿಸುವ ಹಕ್ಕು ನಡೆಸುವವರಿಗಿಲ್ಲ ಎಂಬುದು ಇದರ ಸಾರ.

ಇದು ಈ ದೇಶದ ವಿಚಿತ್ರ ನಿಯಮವೆಂದು ತಿಳಿಯಬೇಕಾಗಿಲ್ಲ. ಭಾರತದಲ್ಲಿ 1860ರಷ್ಟು ಹಿಂದೆಯೇ ಬಂದ ಸಂಘಗಳ ನೋಂದಣಿ ಕಾಯಿದೆಯ 14ನೆಯ ಕಲಮು ಇದನ್ನೇ ಹೇಳುತ್ತದೆ. ಸಂಘ ವಿಸರ್ಜನೆಯಾದಾಗ ಸಾಲ ತೀರಿಸಿ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅದು ಮತ್ತೊಂದು ಸಂಘಕ್ಕೆ ಹೋಗಬೇಕು. ದೇವಸ್ಥಾನದ ಹುಂಡಿಗೆ ಹಾಕಿದ ಕಾಣಿಕೆಯನ್ನು ಮರಳಿ ಕೇಳಬಾರದೆಂದು ತಿಳಿದವರಿಗೆ ಈ ಕಲಮನ್ನು ವಿವರಿಸುವ ಅಗತ್ಯವಿಲ್ಲ.

ಸುಮ್ಮನೆ ಬಿಟ್ಟರೆ?

'ಇಷ್ಟೆಲ್ಲ ತೊಂದರೆ ಏಕೆ? ಸುಮ್ಮನೆ ಬಿಟ್ಟರೆ ತಾನಾಗಿಯೇ ಸತ್ತುಹೋಗುತ್ತದೆ' ಎಂಬ ಸಲಹೆಯನ್ನೂ ಕೇಳಿದ್ದೇವೆ. ಆದರೆ ನಿಗಮವೆಂಬುದು ಗಿಡವಲ್ಲ. ನೀರು ಹಾಕದಿದ್ದರೆ ಒಣಗುವುದಿಲ್ಲ, ಕಾಗದದ ಮೇಲೆ ಬದುಕಿಯೇ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಮಾಹಿತಿ ಪತ್ರ, ವರ್ಷಕ್ಕೊಮ್ಮೆ ಐ.ಆರ್.ಎಸ್.ಗೆ, ರಾಜ್ಯದ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡಿಗೆ, ಅಟಾರ್ನಿ ಜನರಲ್ ಅವರ ದತ್ತಿ ನೋಂದಣಿ ವಿಭಾಗಕ್ಕೆ ವರದಿ, ಇವು ನಿಲ್ಲುವಂತಿಲ್ಲ. ನೋಟೀಸುಗಳು ಹೋಗುವುದು ದಾಖಲೆಯಲ್ಲಿರುವ ವಿಳಾಸಕ್ಕೆ. ಅದು ಹತ್ತು ವರ್ಷದ ಹಿಂದಿನ ಖಜಾಂಚಿಯ ಮನೆಯಾಗಿದ್ದು, ಅವರು ಟೆಕ್ಸಸ್‌ಗೆ ಹೋಗಿದ್ದರೆ, ಆ ಪತ್ರಗಳನ್ನು ಒಡೆದು ಓದುವವರೇ ಇರುವುದಿಲ್ಲ.

2006ರಲ್ಲಿ ಬಂದ ಕೇಂದ್ರ ಕಾನೂನಿನ ಪ್ರಕಾರ, ಸತತ ಮೂರು ವರ್ಷ ವರದಿ ಸಲ್ಲಿಸದ ಸಂಸ್ಥೆ ತನ್ನ ತೆರಿಗೆ ವಿನಾಯಿತಿಯನ್ನು ತಾನಾಗಿಯೇ ಕಳೆದುಕೊಳ್ಳುತ್ತದೆ. 2011ರ ಜೂನ್ ತಿಂಗಳಿನಲ್ಲಿ ಐ.ಆರ್.ಎಸ್. ಪ್ರಕಟಿಸಿದ ಮೊದಲ ಪಟ್ಟಿಯಲ್ಲಿ ಸುಮಾರು 2,75,000 ಸಂಸ್ಥೆಗಳ ಹೆಸರಿದ್ದವು. ವಿನಾಯಿತಿ ಹೋದ ನಿಗಮದ ಮೇಲೆ ರಾಜ್ಯದ ಕನಿಷ್ಠ ತೆರಿಗೆ, ವರ್ಷಕ್ಕೆ 800 ಡಾಲರು, ಬೀಳುವ ಸಂಭವವಿದೆ. ಬ್ಯಾಂಕಿನ ಖಾತೆಯನ್ನು ಸಾಮಾನ್ಯವಾಗಿ ಮೂರು ವರ್ಷ ಯಾರೂ ಮುಟ್ಟದಿದ್ದರೆ, ವಾರಸುದಾರರಿಲ್ಲದ ಹಣವೆಂದು ಅದು ರಾಜ್ಯದ ಕಂಟ್ರೋಲರ್ ಕಚೇರಿಗೆ ಸೇರುತ್ತದೆ. ಅಲ್ಲಿಂದ ಹಿಂದಕ್ಕೆ ಪಡೆಯಲು ಸಹಿ ಮಾಡಬಲ್ಲ ಅಧಿಕಾರಿ ಬೇಕು. ಆ ಹೊತ್ತಿಗೆ ಅಧಿಕಾರಿ ಯಾರೆಂಬುದೇ ಯಾರಿಗೂ ತಿಳಿಯದು.

ಹಲವು ವರ್ಷ ಅಮಾನತಿನಲ್ಲಿರುವ ಲಾಭರಹಿತ ನಿಗಮಗಳನ್ನು ರಾಜ್ಯವೇ ವಿಸರ್ಜಿಸುವ ವ್ಯವಸ್ಥೆಯೊಂದು 2016ರಿಂದ ಇದೆ. 48 ತಿಂಗಳು ಸತತವಾಗಿ ಅಮಾನತಿನಲ್ಲಿದ್ದರೆ ನೋಟೀಸು ಕೊಟ್ಟು ಹೆಸರನ್ನು ತೆಗೆದುಹಾಕಬಹುದು. ಆದರೆ ಧರ್ಮಾರ್ಥ ಹಣದ ಲೆಕ್ಕ ಕೇಳುವ ಅಟಾರ್ನಿ ಜನರಲ್ ಅವರ ಅಧಿಕಾರ ಅದರಿಂದ ಕುಂದುವುದಿಲ್ಲ. ಹೆಸರು ಹೋದರೂ ಹೊಣೆ ಹೋಗುವುದಿಲ್ಲ.

ಸಮಾಪನೆಯ ಕ್ರಮ

ಇನ್ನು ವಿಧಿಪೂರ್ವಕವಾಗಿ ಮುಗಿಸುವ ಬಗೆ. ಇಲ್ಲಿ ಎರಡು ಪದಗಳ ವ್ಯತ್ಯಾಸ ಗಮನಿಸಬೇಕು. ಬಾಕಿ ತೀರಿಸಿ, ಬರಬೇಕಾದುದನ್ನು ವಸೂಲು ಮಾಡಿ, ಆಸ್ತಿಯನ್ನು ಹಸ್ತಾಂತರಿಸುವ ಕೆಲಸ ಸಮಾಪನೆ. ಅದೆಲ್ಲ ಮುಗಿದ ಮೇಲೆ ನಿಗಮದ ಅಸ್ತಿತ್ವವೇ ಕೊನೆಗೊಳ್ಳುವುದು ವಿಸರ್ಜನೆ. ಗಣಪತಿಯ ಪೂಜೆ, ಮಂಗಳಾರತಿ, ಪ್ರಸಾದ ಮುಗಿಯದೆ ಮೂರ್ತಿಯನ್ನು ನೀರಿಗೆ ಬಿಡುವುದಿಲ್ಲ. ಹಾಗೆಯೇ ಸಮಾಪನೆ ಮೊದಲು, ವಿಸರ್ಜನೆ ನಂತರ.

ಸುಲಭವಾಗಿ ತಿಳಿಯಲೆಂದು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕ್ಯಾಂಪ್‌ಬೆಲ್‌ನಲ್ಲಿ ಒಂದು ಕನ್ನಡ ಪುಸ್ತಕ ಭಂಡಾರವಿದೆ ಎನ್ನೋಣ. ಬ್ಯಾಂಕಿನಲ್ಲಿ 9,000 ಡಾಲರು, ಬಾಡಿಗೆ ಕೋಣೆಯಲ್ಲಿ 1,200 ಪುಸ್ತಕಗಳು, ಒಂದು ಹಾರ್ಮೋನಿಯಂ, ಒಂದು ಧ್ವನಿವರ್ಧಕ. ಬೇಸಿಗೆ ತರಗತಿಗೆಂದು 12 ಮಕ್ಕಳ ಪೋಷಕರು ತಲಾ 50 ಡಾಲರು ಮುಂಗಡ ಕೊಟ್ಟಿದ್ದಾರೆ. ನಡೆಸುವವರಿಗೆ ವಯಸ್ಸಾಗಿದೆ, ಮುಂದಕ್ಕೆ ಬರುವವರಿಲ್ಲ.

ಮೊದಲನೆಯದು ನಿರ್ಧಾರ. ನಿರ್ದೇಶಕ ಮಂಡಳಿ ಠರಾವು ಮಾಡಿ ಬಳಿಕ ಸದಸ್ಯರೂ ಒಪ್ಪಬೇಕು, ಇಲ್ಲವೆ ಒಟ್ಟು ಸದಸ್ಯರ ಬಹುಮತವಿರಬೇಕು. ಬೈಲಾ ಪ್ರಕಾರ ಮತದಾನದ ಹಕ್ಕುಳ್ಳ ಸದಸ್ಯರೇ ಇಲ್ಲದಿದ್ದರೆ ಮಂಡಳಿಯ ಠರಾವು ಸಾಕು. ವರ್ಷಕ್ಕೊಮ್ಮೆ ಚಂದಾ ಕೊಟ್ಟವರೆಲ್ಲ ಕಾನೂನಿನ ದೃಷ್ಟಿಯಲ್ಲಿ ಸದಸ್ಯರೇ ಆಗಿರಬೇಕೆಂದಿಲ್ಲ. ಆದ್ದರಿಂದ ಬೈಲಾ ಓದದೆ ಸಭೆ ಕರೆಯಬಾರದು. ಸದಸ್ಯರೆಲ್ಲರ ಒಮ್ಮತದಿಂದ ಆದ ನಿರ್ಧಾರವಲ್ಲದಿದ್ದರೆ, ಮುಚ್ಚಲು ನಿರ್ಧರಿಸಿದ ಪ್ರಮಾಣಪತ್ರವೊಂದನ್ನು ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಮೊದಲೇ ಸಲ್ಲಿಸಬೇಕಾಗುತ್ತದೆ.

ಎರಡನೆಯದು ತಿಳಿವಳಿಕೆ. ಸದಸ್ಯರಿಗೂ, ಸಂಸ್ಥೆಯಿಂದ ಹಣ ಬರಬೇಕಾದ ಎಲ್ಲರಿಗೂ ಪತ್ರ ಬರೆಯಬೇಕು. ಅಲ್ಲಿಂದ ಮುಂದೆ ಹೊಸ ಕಾರ್ಯಕ್ರಮವಿಲ್ಲ, ಹೊಸ ಚಂದಾ ಇಲ್ಲ. ಮುಚ್ಚುವುದಕ್ಕೆ ಬೇಕಾದ ಕೆಲಸಗಳು ಮಾತ್ರ.

ಮೂರನೆಯದು ಋಣವಿಮೋಚನೆ. ನಮ್ಮ ಉದಾಹರಣೆಯಲ್ಲಿ ಕೋಣೆಯ ಬಾಡಿಗೆ ಬಾಕಿ 450, ಮುದ್ರಕರಿಗೆ 350, ಲೆಕ್ಕಪರಿಶೋಧಕರಿಗೆ 600 ಡಾಲರು ಎನ್ನೋಣ. ಮಕ್ಕಳ ಮುಂಗಡ 600 ಡಾಲರುಗಳನ್ನು ಹಿಂದಿರುಗಿಸಬೇಕು. ಅಲ್ಲಿಗೆ ಉಳಿಯುವುದು 7,000. ಇಲ್ಲಿ ಒಂದು ಸೂಕ್ಷ್ಮವಿದೆ. 'ಆ ವರ್ಷದ ರಾಜ್ಯೋತ್ಸವಕ್ಕೆ ನಾವು ಕೈಯಿಂದ 2,000 ಹಾಕಿದ್ದೆವು' ಎಂದು ಹಿರಿಯ ನಿರ್ದೇಶಕರೊಬ್ಬರು ನೆನಪಿಸಬಹುದು. ಅದು ಸಾಲವೆಂದು ನಡಾವಳಿ ಪುಸ್ತಕದಲ್ಲಿ ಬರೆದಿದ್ದರೆ ಅದೂ ಬಾಕಿಯೇ. ಬರೆದಿಲ್ಲದಿದ್ದರೆ ಅದು ಸಾಲವೆಂದು ತೋರಿಸುವುದು ಕಷ್ಟ. ದಾನವೆಂದೇ ಎಣಿಸಿ ಸಭೆಯಲ್ಲಿ ಅವರಿಗೆ ಕೃತಜ್ಞತೆ ಹೇಳುವುದೇ ಲೇಸು. ಹಾರ್ಮೋನಿಯಂ ತಮಗೆ ಬೇಕೆಂದು ಮಂಡಳಿಯವರೊಬ್ಬರು ಕೇಳಿದರೆ ಪುಕ್ಕಟೆ ಕೊಡುವಂತಿಲ್ಲ. ಪೇಟೆಯ ಬೆಲೆಯನ್ನು ವಿಚಾರಿಸಿ, ಕೇಳಿದವರನ್ನು ಹೊರಗಿಟ್ಟು ಉಳಿದವರು ನಿರ್ಧರಿಸಿ, ಹಣ ಪಡೆದು, ರಸೀದಿ ಕೊಟ್ಟು ಬರೆದಿಡಬೇಕು. ವರ್ಷಗಟ್ಟಲೆಯ ಸ್ನೇಹ ಕೆಡುವುದು ಸಾಮಾನ್ಯವಾಗಿ ಇಂಥ ಹಾರ್ಮೋನಿಯಂಗಳ ಮೇಲೆಯೇ ಹೊರತು ಸಿದ್ಧಾಂತಗಳ ಮೇಲಲ್ಲ.

ನಾಲ್ಕನೆಯದು ಅಟಾರ್ನಿ ಜನರಲ್ ಅವರಿಗೆ ಪತ್ರ. ಉಳಿದ ಆಸ್ತಿಯೆಷ್ಟು, ಅದು ಯಾರಿಗೆ ಹೋಗುತ್ತದೆ, ಏಕೆ ಎಂಬುದನ್ನು ಬರೆದು, ಸ್ಥಾಪನಾ ಪತ್ರ ಮತ್ತು ಹಣಕಾಸಿನ ವಿವರಗಳ ಪ್ರತಿಗಳನ್ನು ಲಗತ್ತಿಸಿ, ಆಕ್ಷೇಪಣೆಯಿಲ್ಲವೆಂಬ ಉತ್ತರವನ್ನು ಕೋರಬೇಕು. ಆ ಉತ್ತರ ಬರುವ ಮುನ್ನ ಹಣವನ್ನು ಕೊಟ್ಟುಬಿಡುವುದು ವಿವೇಕವಲ್ಲ. ಆಸ್ತಿ ಏನೂ ಉಳಿದಿಲ್ಲದಿದ್ದರೆ ಅದನ್ನು ದೃಢಪಡಿಸುವ ಪತ್ರವನ್ನು ಪಡೆಯಬೇಕು.

ಐದನೆಯದು ಹಸ್ತಾಂತರ, ಅದರ ನಂತರ ವಿಸರ್ಜನೆಯ ಪ್ರಮಾಣಪತ್ರ. ಅಟಾರ್ನಿ ಜನರಲ್ ಅವರ ಉತ್ತರದೊಡನೆ ಇದು ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಹೋಗುತ್ತದೆ. ಹಿಂದೆ ಇದಕ್ಕೆ ತೆರಿಗೆ ಇಲಾಖೆಯ ಬೇಬಾಕಿ ಪತ್ರವೂ ಬೇಕಾಗುತ್ತಿತ್ತು. 2006ರ ಸೆಪ್ಟೆಂಬರಿನಿಂದ ಆ ನಿಯಮ ರದ್ದಾಗಿದೆ. ಬೇಬಾಕಿ ಪತ್ರ ಬೇಡವೆಂದ ಮಾತ್ರಕ್ಕೆ ಬಾಕಿ ಬೇಡವೆಂದಲ್ಲ. ಎರಡೂ ತೆರಿಗೆ ಇಲಾಖೆಗಳಿಗೆ 'ಇದು ಕೊನೆಯದು' ಎಂದು ಗುರುತು ಮಾಡಿದ ವರದಿ ಹೋಗಬೇಕು. ಸಾಮಾನ್ಯ ವಾರ್ಷಿಕ ಆದಾಯ 50,000 ಡಾಲರು ಮೀರದ ಚಿಕ್ಕ ಸಂಸ್ಥೆಗಳಿಗೆ ಐ.ಆರ್.ಎಸ್.ನ 990-ಎನ್, ರಾಜ್ಯದ 199-ಎನ್ ಎಂಬ ಅತಿ ಸಣ್ಣ ನಮೂನೆಗಳೇ ಸಾಕು. ರಾಜ್ಯಕ್ಕೆ ಕೊನೆಯ ವರದಿ ಸಲ್ಲಿಸಿದ 12 ತಿಂಗಳೊಳಗೆ ವಿಸರ್ಜನೆಯ ಪತ್ರವೂ ಸಲ್ಲಬೇಕು. ದತ್ತಿ ನೋಂದಣಿ ವಿಭಾಗಕ್ಕೂ ಕೊನೆಯ ಲೆಕ್ಕ ಒಪ್ಪಿಸಬೇಕು. ಕೊಟ್ಟ ಚೆಕ್ಕುಗಳೆಲ್ಲ ಪಾವತಿಯಾದ ಬಳಿಕವೇ ಬ್ಯಾಂಕಿನ ಖಾತೆಯನ್ನು ಮುಚ್ಚಬೇಕು.

ಇಲ್ಲಿ ಹೇಳಿದ್ದು ದಾರಿಯ ನಕ್ಷೆ ಮಾತ್ರ. ದೊಡ್ಡ ಆಸ್ತಿಯೋ ವ್ಯಾಜ್ಯವೋ ಇದ್ದಲ್ಲಿ ಬಲ್ಲ ವಕೀಲರನ್ನು ಕೇಳಲೇಬೇಕು.

ಊರಿಗೆ ಕಳುಹಿಸಬಹುದೆ?

ಉಳಿದ 7,000 ಡಾಲರು ಯಾರಿಗೆ ಎಂಬಲ್ಲಿ ನಮ್ಮೆಲ್ಲರ ಮನಸ್ಸು ಓಡುವುದು ಊರಿನ ಕಡೆಗೆ. 'ನಮ್ಮ ತಾಲ್ಲೂಕಿನ ಶಾಲೆಗೆ ಕೊಟ್ಟುಬಿಡೋಣ' ಎನ್ನುವುದು ಸಹಜ. ಆದರೆ ಸ್ಥಾಪನಾ ಪತ್ರಗಳಲ್ಲಿ ಸಾಮಾನ್ಯವಾಗಿ ಬರೆದಿರುವುದು 501(ಸಿ)(3) ಮಾನ್ಯತೆಯುಳ್ಳ ಸಂಸ್ಥೆಗೆ ಎಂದು. ಊರಿನ ಶಾಲೆಗೆ ಆ ಮಾನ್ಯತೆಯಿರುವುದಿಲ್ಲ. ಅತ್ತ ಭಾರತದಲ್ಲಿಯೂ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಸಂಸ್ಥೆ ಇಂಥ ಹಣವನ್ನು ಪಡೆಯುವಂತಿಲ್ಲ. 2020ರ ತಿದ್ದುಪಡಿಯ ಬಳಿಕ ಆ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಮ್ಮೆ ಪಡೆದವರು ಅದನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತೆಯೂ ಇಲ್ಲ. ಆದ್ದರಿಂದ ಒಳ್ಳೆಯ ಮನಸ್ಸಿನಿಂದ ಕಳುಹಿಸಿದ ಹಣ ಪಡೆದವರನ್ನೇ ತೊಂದರೆಗೆ ಸಿಲುಕಿಸೀತು. ಊರಿಗೇ ಸಲ್ಲಬೇಕೆಂದಿದ್ದರೆ, ಕರ್ನಾಟಕದಲ್ಲಿ ಕೆಲಸ ಮಾಡುವ, ಇಲ್ಲಿಯೂ ಮಾನ್ಯತೆ ಪಡೆದ ಸಂಸ್ಥೆಯ ಮೂಲಕ ಕೊಡುವುದು ಕ್ಷೇಮ. ಅಥವಾ ಇಲ್ಲಿಯ ಮಕ್ಕಳಿಗೆ ಕನ್ನಡ ಕಲಿಸುವ ಶಾಲೆಯೊಂದಕ್ಕೆ ಕೊಟ್ಟರೆ, ಅದೂ ಊರಿಗೆ ಸಲ್ಲಿಸಿದ ಸೇವೆಯೇ.

ಪುಸ್ತಕ, ಪತ್ರ, ನೆನಪು

ಹಣವನ್ನು ಎಣಿಸಬಹುದು. ಎಣಿಕೆಗೆ ಸಿಗದ ಆಸ್ತಿಯ ಬಗ್ಗೆ ನಾವು ಹೆಚ್ಚು ಅಲಕ್ಷ್ಯರು. 1,200 ಪುಸ್ತಕಗಳನ್ನು 'ಯಾವುದಾದರೂ ವಿಶ್ವವಿದ್ಯಾಲಯಕ್ಕೆ ಕೊಟ್ಟರಾಯಿತು' ಎನ್ನುತ್ತೇವೆ. ದೊಡ್ಡ ಗ್ರಂಥಾಲಯಗಳು ಕೊಟ್ಟದ್ದನ್ನೆಲ್ಲ ತೆಗೆದುಕೊಳ್ಳುವುದಿಲ್ಲ. ಅವುಗಳಲ್ಲಿ ಕೆಲವು 1960ರ ದಶಕದಿಂದಲೇ ಅಮೆರಿಕ ಸರಕಾರದ ಯೋಜನೆಯೊಂದರ ಮೂಲಕ ಭಾರತೀಯ ಭಾಷೆಗಳ ಪುಸ್ತಕಗಳನ್ನು ತರಿಸಿಕೊಂಡಿವೆ. ಮೊದಲು ಪಟ್ಟಿ ಮಾಡಿ ಕಳುಹಿಸಬೇಕು, ಅವರು ಬೇಕೆಂದುದನ್ನು ಕೊಡಬೇಕು, ಉಳಿದುದನ್ನು ಕನ್ನಡ ಶಾಲೆಗಳಿಗೂ ಓದುವ ಮನೆಗಳಿಗೂ ಹಂಚಬೇಕು.

ಪುಸ್ತಕಗಳಿಗಿಂತ ಅಪರೂಪವಾದುದು ನಮ್ಮದೇ ಕಾಗದಗಳು. ಕೈಬರಹದ ನಡಾವಳಿ ಪುಸ್ತಕ, ಮನೆಯ ಮೇಜಿನ ಮೇಲೆ ಮಡಿಸಿ ಅಂಚೆಗೆ ಹಾಕಿದ ವಾರ್ತಾಪತ್ರಗಳು, ನಾಟಕದ ಕರಪತ್ರ, ಛಾಯಾಚಿತ್ರಗಳು. ಪುಸ್ತಕದ ಇನ್ನೊಂದು ಪ್ರತಿ ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಸಿಕ್ಕೀತು. ಇವುಗಳ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲ. ಈ ದೇಶಕ್ಕೆ ಬಂದ ಕನ್ನಡಿಗರು ಏನನ್ನು ಉಳಿಸಿಕೊಳ್ಳಲು ಹಂಬಲಿಸಿದರೆಂದು ನಮ್ಮ ಮೊಮ್ಮಕ್ಕಳು ಕೇಳಿದರೆ ಉತ್ತರವಿರುವುದು ಇವುಗಳಲ್ಲಿಯೇ. 2008ರಲ್ಲಿ ಆರಂಭವಾದ, ಫಿಲಡೆಲ್ಫಿಯಾದಲ್ಲಿರುವ ಸೌತ್ ಏಷ್ಯನ್ ಅಮೆರಿಕನ್ ಡಿಜಿಟಲ್ ಆರ್ಕೈವ್ ಎಂಬ ಸಂಸ್ಥೆ ಇಂಥ ಸಾಮಗ್ರಿಯ ಗಣಕೀಕೃತ ಪ್ರತಿಗಳನ್ನು ಕಾಪಾಡುವ ಕೆಲಸ ಮಾಡುತ್ತಿದೆ. ಹಣದ ಚೆಕ್ಕಿಗೆ ಸಹಿ ಮಾಡುವ ದಿನವೇ ಈ ಪೆಟ್ಟಿಗೆಗಳ ವಿಳಾಸವನ್ನೂ ಠರಾವಿನಲ್ಲಿ ಬರೆಯಬೇಕು.

ಯಾವಾಗ?

ಕೊನೆಯ ಪ್ರಶ್ನೆ, ಎಲ್ಲಕ್ಕಿಂತ ಕಠಿಣವಾದುದು: ಯಾವಾಗ? ನೆರೆಯ ಸ್ಯಾನ್ ಹೋಸೆಯ ಎರಡು ಸಂಸ್ಥೆಗಳನ್ನು ನೋಡೋಣ. 1980ರಲ್ಲಿ ಆರಂಭವಾದ ಸ್ಯಾನ್ ಹೋಸೆ ರೆಪರ್ಟರಿ ಥಿಯೇಟರ್ 2014ರ ಜೂನ್‌ನಲ್ಲಿ ಥಟ್ಟನೆ ಬಾಗಿಲು ಹಾಕಿ ದಿವಾಳಿಯ ಮೊರೆ ಹೋಯಿತು. ಅಂಥ ದಿವಾಳಿಯಲ್ಲಿ ಸಮಾಪನೆಯ ಕೆಲಸ ಕಟ್ಟಿದವರ ಕೈತಪ್ಪಿ ನ್ಯಾಯಾಲಯದ ಟ್ರಸ್ಟಿಯ ಕೈಗೆ ಹೋಗುತ್ತದೆ. ಕೊನೆಯ ಮಾತನ್ನಾಡುವವರು ಅಪರಿಚಿತರು. 1879ರಷ್ಟು ಹಳೆಯ ಮೂಲದ ಸ್ಯಾನ್ ಹೋಸೆ ಸಿಂಫೊನಿ 2001ರಲ್ಲಿ ನಿಂತು, ಅದೂ ದಿವಾಳಿಯಲ್ಲಿಯೇ ಮುಗಿಯಿತು. ಆದರೆ 2002ರಲ್ಲಿಯೇ ಅದೇ ಊರಿನಲ್ಲಿ ಸಿಂಫೊನಿ ಸಿಲಿಕಾನ್ ವ್ಯಾಲಿ ಎಂಬ ಹೊಸ ವಾದ್ಯವೃಂದ ತಲೆಯೆತ್ತಿತು. ಸಂಸ್ಥೆ ಹೋದರೂ ಸಂಗೀತ ನಿಲ್ಲಲಿಲ್ಲ.

ಇವೆರಡನ್ನೂ ಮನಸ್ಸಿನಲ್ಲಿಟ್ಟು ಹೇಳುವುದಾದರೆ, ಮುಚ್ಚುವ ನಿರ್ಧಾರಕ್ಕೆ ತಕ್ಕ ಕಾಲ ಮೂರು ವಸ್ತುಗಳು ಇನ್ನೂ ಕೈಯಲ್ಲಿರುವ ಕಾಲ: ಬಾಕಿ ತೀರಿಸುವಷ್ಟು ಹಣ, ಸಭೆ ಸೇರುವಷ್ಟು ಜನ, ಹಳೆಯದನ್ನು ನೆನಪಿಟ್ಟವರು ಒಬ್ಬರಾದರೂ. ಈ ಮೂರರಲ್ಲಿ ಒಂದು ಜಾರಿದರೂ ಉದ್ಯಾಪನೆ ಕಷ್ಟ. 'ಇನ್ನೊಂದು ವರ್ಷ ನೋಡೋಣ' ಎನ್ನುವುದು ಆಶಾವಾದವೆಂದು ತೋರುತ್ತದೆ. ಎಷ್ಟೋ ಸಲ ಅದು, ಕಟ್ಟಿದ ಹಿರಿಯರೆದುರು ನಿಜ ಹೇಳಲು ಬಾಯಿ ಬಾರದ ಸಂಕೋಚ ಮಾತ್ರ. ಆ ಸಂಕೋಚದ ಬೆಲೆಯನ್ನು ತೆರುವವರು ಕೊನೆಯಲ್ಲಿ ಉಳಿದ ಒಬ್ಬ ಖಜಾಂಚಿ, ಇಲ್ಲವೆ ಅವರ ಕಾಲಾನಂತರ ಕಾಗದಗಳ ತಲೆಬುಡ ತಿಳಿಯದೆ ಕಂಗೆಡುವ ಅವರ ಮಕ್ಕಳು.

ಆದ್ದರಿಂದ ನಡೆಯುತ್ತಿರುವ ಸಂಸ್ಥೆಗಳಿಗೂ ನಮ್ಮ ಬಿನ್ನಹ ಇಷ್ಟೇ. ಈ ವರ್ಷದ ಸರ್ವಸದಸ್ಯರ ಸಭೆಯಲ್ಲಿ ಸ್ಥಾಪನಾ ಪತ್ರದ ಆ ಒಂದು ವಾಕ್ಯವನ್ನು, ಮುಚ್ಚಿದರೆ ಆಸ್ತಿ ಯಾರಿಗೆ ಎಂಬುದನ್ನು, ಗಟ್ಟಿಯಾಗಿ ಓದಿ. ದಾಖಲೆಯಲ್ಲಿರುವ ವಿಳಾಸ ಇಂದಿನದೇ ಎಂದು ನೋಡಿ. ಬ್ಯಾಂಕಿನಲ್ಲಿ ಸಹಿಯ ಅಧಿಕಾರ ಕನಿಷ್ಠ ಇಬ್ಬರಿಗಿರಲಿ. ಇದರಿಂದ ಸಂಸ್ಥೆಯ ಆಯುಷ್ಯ ಕಡಿಮೆಯಾಗುವುದಿಲ್ಲ. ಉಯಿಲು ಬರೆದವರು ಮರುದಿನ ಸಾಯುವುದಿಲ್ಲವಷ್ಟೆ.

ಸಂಸ್ಥೆ ಕಟ್ಟಿದವರ ಹೆಸರನ್ನು ನಾವು ಫಲಕಗಳಲ್ಲಿ ಕೆತ್ತಿಸುತ್ತೇವೆ. ಲೆಕ್ಕ ಚುಕ್ತಾ ಮಾಡಿ, ಪುಸ್ತಕಗಳನ್ನು ಓದುವ ಕೈಗೆ ಸೇರಿಸಿ, ಕೊನೆಯ ಪತ್ರಕ್ಕೆ ಸಹಿ ಹಾಕಿ ಬಾಗಿಲಿನ ಕೀಲಿಕೈ ಒಪ್ಪಿಸಿದವರಿಗೆ ಫಲಕವಿಲ್ಲ. ದಾನಿಗಳು ನಂಬಿ ಕೊಟ್ಟದ್ದು ಕೊನೆಯ ಡಾಲರಿನವರೆಗೆ ನಂಬಿಕೆಯಂತೆಯೇ ಸಂದಿತು ಎಂಬ ತೃಪ್ತಿಯೇ ಅವರ ಪಾಲಿನ ಪ್ರಸಾದ. ಅಂಥವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಅವರಿಗೆ ನಮ್ಮ ಮೊದಲ ನಮಸ್ಕಾರ.